ಮರಕ್ಕೆ ಬಿಟ್ಟ ಜಾಗ

ಸುದ್ದಿ ಬಂದಾಗ ಶ್ರೀರಂಗಯ್ಯನವರ ಬಾಯಿ ತುಂಬ ಗುಲಾಬಿ ಬಣ್ಣದ ಹಿಟ್ಟು ಮೆತ್ತಿತ್ತು. ತಿಪಟೂರಿನ ಹಲ್ಲಿನ ಡಾಕ್ಟರು ಮೇಲಿನ ಸೆಟ್ಟಿಗೆ ಅಚ್ಚು ತೆಗೆಯಲು ಅದನ್ನು ತಗಡಿನ ಬಟ್ಟಲಿಗೆ ತುಂಬಿ ಅಂಗುಳಕ್ಕೆ ಒತ್ತಿ, ಗಟ್ಟಿಯಾಗುವ ತನಕ ಮೂರು ನಿಮಿಷ ಅಲುಗಬಾರದು, ಮಾತಾಡಬಾರದು ಎಂದು ಹೇಳಿ ಒಳಗೆ ಹೋಗಿದ್ದರು. ಸಂಜೆ ನಾಲ್ಕೂವರೆ. ಅರ್ಧ ಗಂಟೆಯ ಹಿಂದೆ ಎದ್ದ ಗಾಳಿ ನಿಂತುಹೋಗಿ, ಮಳೆ ಬಾರದೆ, ಬೀದಿಯಲ್ಲಿ ಬರೀ ಧೂಳಿನ ವಾಸನೆಯಿತ್ತು. ಜೇಬಿನ ಫೋನು ಬಡಿದುಕೊಂಡಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸು, ಡಾಕ್ಟರಿಗೆ ಸಾಮಾನು ಎತ್ತಿಕೊಡುವವಳು, ಒಂದು ಸಲ ಬಿಟ್ಟಳು, ಎರಡನೇ ಸಲ ಬಡಿದಾಗ ತಾನೇ ತೆಗೆದು ಅವರ ಕಿವಿಗೆ ಹಿಡಿದಳು. ಆಸ್ಪತ್ರೆಯ ಜವಾನ ಅಣ್ಣಯ್ಯ. “ಸಾಹೇಬ್ರೇ, ಹೆರಿಗೆ ವಾರ್ಡಿನ ಸೂರಿನ ಶೀಟು ಗಾಳಿ ಎತ್ಕೊಂಡು ಹೋಯ್ತು ಕಣ್ರೀ. ಪುಷ್ಪಕ್ಕನ ಮ್ಯಾಲೆ ಕಬ್ಬಿಣ ಬಿತ್ತು. ಉಸ್ರಿಲ್ಲ ಕಣ್ರೀ.” ಶ್ರೀರಂಗಯ್ಯನವರು ಹ್ಞೂಂ ಎಂದರು. ಕೇಳಿಸ್ತಾ ಎಂದು ಅಣ್ಣಯ್ಯ ಕೇಳಿದ. ಅವರು ಮತ್ತೆ ಹ್ಞೂಂ ಎಂದರು. ಬೇರೆ ಶಬ್ದ ಹೊರಡಿಸಲು ಆಗುತ್ತಿರಲಿಲ್ಲ. ಆಗುತ್ತಿದ್ದರೆ ಏನು ಕೇಳುತ್ತಿದ್ದೆ ಎಂಬುದು ಅವರಿಗೆ ಗೊತ್ತಿತ್ತು, ಮತ್ತು ಆ ಮೂರು ನಿಮಿಷ ಕುರ್ಚಿಯಲ್ಲಿ ಒರಗಿಕೊಂಡು ಮೇಲಿನ ದೀಪವನ್ನು ನೋಡುತ್ತಿದ್ದಾಗ ಅದೊಂದೇ ಅವರ ತಲೆಯಲ್ಲಿತ್ತು. ಪುಷ್ಪಲತಾ ಎಂದರೆ ಶ್ರೀರಂಗಯ್ಯನವರ ಒಬ್ಬಳೇ ಮಗಳು, ನಲವತ್ತೊಂದು ವರ್ಷದವಳು, ಆ ಆಸ್ಪತ್ರೆಯ ನರ್ಸು. ಅವರು ಅವಳ ಮುಖವನ್ನು ನೆನೆಯಲಿಲ್ಲ. ಎತ್ತಿಕೊಂಡು ಹೋದದ್ದು ಯಾವ ಕಡೆಯ ಶೀಟು, ಮರದ ಕಡೆಯದೋ ಬಾಗಿಲ ಕಡೆಯದೋ ಎಂದು ಯೋಚಿಸುತ್ತಿದ್ದರು. ಉತ್ತರವೂ ಗೊತ್ತಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ರಸ್ತೆಯ ಎರಡೂ ಕಡೆ ತೋಟಗಳಲ್ಲಿ ಸೋಗೆ ಉದುರಿ ಬಿದ್ದಿತ್ತು, ಒಂದೆರಡು ಕಡೆ ಸುಳಿಯೇ ಮುರಿದು ನೇತಾಡುತ್ತಿತ್ತು. ಜನ ಗಾಳಿಯ ಮಾತಾಡುತ್ತಿದ್ದರು. ಅವರ ಕಣ್ಣು ಮಾತ್ರ ಮೂವತ್ತೈದು ವರ್ಷದ ಇಂಜಿನಿಯರ್ ಕೆಲಸದ ಅಭ್ಯಾಸದಂತೆ ತನ್ನಷ್ಟಕ್ಕೆ ತಾನು ಸೂರುಗಳನ್ನು ನೋಡುತ್ತಾ ಹೋಯಿತು. ಕೊಬ್ಬರಿ ಉಗ್ರಾಣದ ಶೀಟು ನಿಂತಿದೆ. ಕೋಳಿ ಶೆಡ್ಡಿನದು ಅರ್ಧ ಹೋಗಿದೆ, ಅಂಚಿನಲ್ಲಿ ಬೋಲ್ಟು ಹಾಕಿಲ್ಲ. ಅಲ್ಲೊಂದು ಹುಲ್ಲಿನ ಗುಡಿಸಲು ಹಾಗೇ ಇದೆ. ತುರುವೇಕೆರೆ ದಾಟುವ ಹೊತ್ತಿಗೆ ನಿಂತ ಸೂರುಗಳ ಮೇಲೆ ಅವರಿಗೆ ದ್ವೇಷ ಹುಟ್ಟಿತ್ತು. ಪುಷ್ಪಳಿಗೆ ಎಂಟು ವರ್ಷವಿದ್ದಾಗ ನೋಟುಬುಕ್ಕಿನಿಂದ ಒಂದು ಪಟ್ಟಿ ಹರಿದು ಅವಳ ತುಟಿಯ ಕೆಳಗೆ ಹಿಡಿದು, ಊದು ಎಂದಿದ್ದರು. ಊದಿದಾಗ ಜೋತುಬಿದ್ದ ಕಾಗದ ಕೆಳಗೆ ಹೋಗುವ ಬದಲು ಮೇಲಕ್ಕೆದ್ದಿತು. ಗಾಳಿ ಮನೆಯನ್ನು ನೂಕುತ್ತದೆ ಎಂದು ಜನ ತಿಳಿದಿದ್ದಾರೆ ಮಗಳೇ, ಅದು ಸೂರನ್ನು ಮೇಲಕ್ಕೆ ಎಳೆಯುತ್ತದೆ, ಒಳಗೂ ಗಾಳಿ ನುಗ್ಗಿದರೆ ಕೆಳಗಿನಿಂದ ಎತ್ತಿಕೊಡುತ್ತದೆ, ಅದಕ್ಕೇ ಗಾಳಿ ಬರುವ ಕಡೆಯ ಕಿಟಕಿಯನ್ನು ಮೊದಲು ಮುಚ್ಚಬೇಕು. ಅವಳು ಪಟ್ಟಿ ಹರಿಯುವ ತನಕ ಊದಿದಳು. ಅಂದಿನಿಂದ ಮನೆಯಲ್ಲಿ ಗಾಳಿ ಎದ್ದಾಗೆಲ್ಲ ಪಡುವಣ ಕಿಟಕಿಗೆ ಓಡುವವಳು ಅವಳೇ. ಇವತ್ತೂ ವಾರ್ಡಿನ ಪಡುವಣ ಕಿಟಕಿಯನ್ನು ಮುಚ್ಚಲು ಹೋಗಿದ್ದಳೆಂದು ಬಸ್ಸು ಇಳಿದ ಮೇಲೆ ಅಣ್ಣಯ್ಯ ಹೇಳಿದ. ಮುಚ್ಚಿ ಚಿಲಕ ಹಾಕಿದ್ದಳಂತೆ. ಇಬ್ಬರು ಬಾಣಂತಿಯರು ಕೂಸುಗಳ ಸಮೇತ ಆಚೆ ಗೋಡೆಗೆ ಒರಗಿದ್ದು ಉಳಿದುಕೊಂಡರಂತೆ.

ಆಸ್ಪತ್ರೆ ಅವರ ತೋಟದ ಜಾಗದಲ್ಲೇ ಇತ್ತು. ತಂದೆಯ ಹೆಸರಿನಲ್ಲಿ ಹತ್ತು ಗುಂಟೆ ದಾನ ಕೊಟ್ಟವರು ಅವರು, ನಕ್ಷೆ ಬರೆದವರು ಅವರು, ಬಾಗಿಲ ಪಕ್ಕದ ಕಲ್ಲಿನಲ್ಲಿ ಎರಡೂ ವಿಷಯ ಕೆತ್ತಿತ್ತು. ಅವರು ಹೋದಾಗ ಮುಂದಿನ ಜಗುಲಿಯ ತುಂಬ ಜನ. ಹೆಂಚು ಬಿದ್ದು ತಲೆ ಒಡೆದುಕೊಂಡವರು, ಕೈ ಕುಯ್ದುಕೊಂಡವರು, ಬಟ್ಟೆ ಅದುಮಿಕೊಂಡು ಕೂತಿದ್ದರು. ಹೊಲಿಗೆ ಹಾಕಬೇಕಾದವಳು ಲಸಿಕೆ ಹಾಕುವ ಕೋಣೆಯ ಮೇಜಿನ ಮೇಲೆ ಹಸಿರು ಬಟ್ಟೆ ಹೊದ್ದು ಮಲಗಿದ್ದಳು. ಊರಿನ ಮನೆಗಳೆಲ್ಲ ಬಿದ್ದ ದಿನವೂ ನಿಂತಿರಬೇಕಾದ ಕಟ್ಟಡ ಕೆಲವು ಇರುತ್ತವೆ, ಅವುಗಳಿಗೆ ನೂರು ವರ್ಷದಲ್ಲಿ ಒಮ್ಮೆ ಬರುವ ಗಾಳಿಯನ್ನು ಲೆಕ್ಕಕ್ಕೆ ಹಿಡಿದು ನಕ್ಷೆ ಬರೆಯಬೇಕು, ಬಿದ್ದಮೇಲೆ ಜನ ಎಲ್ಲಿಗೆ ಓಡಬೇಕು ಹೇಳಿ, ಎಂದು ಅವರು ಕಿರಿಯರಿಗೆ ಹೇಳುತ್ತಿದ್ದ ಮಾತು ತನ್ನದೇ ಧ್ವನಿಯಲ್ಲಿ ಕೇಳಿಸಿತು. ಹೆಂಡತಿ ಮೀನಾಕ್ಷಮ್ಮ ಮೇಜಿನ ಕಾಲಿಗೆ ಒರಗಿ ನೆಲದಲ್ಲಿ ಕೂತಿದ್ದರು. ತಲೆಯೆತ್ತಿ, ಊಟ ಮಾಡಿದ್ರಾ ಎಂದು ಕೇಳಿದರು. ಅವರು ಮಗಳ ಮುಖ ನೋಡುವ ಮೊದಲು ಹಿಂದಿನ ಬಾಗಿಲಿಗೆ ಹೋಗಿ ನಿಂತರು. ವಾರ್ಡಿನ ಗೋಡೆಗಳು ನಿಂತಿದ್ದವು. ಸೂರು ಇರಲಿಲ್ಲ. ವಾರ್ಡಿನ ಪಡುವಣ ಮೂಲೆಯಲ್ಲಿ, ನೆಲದ ಗಾರೆಯಿಂದ ಎದ್ದು, ಸೂರು ಇದ್ದ ಕಡೆಯನ್ನು ದಾಟಿ, ತೆಂಗಿನ ಮರ ಮೇಲಕ್ಕೆ ಹೋಗಿತ್ತು. ಒಂದು ಗೊನೆಯೂ ಉದುರಿರಲಿಲ್ಲ. ಕಾಂಡದ ನಡುವೆ ಲಾರಿ ಟ್ಯೂಬಿನ ರಬ್ಬರು ಸುತ್ತಿದ್ದದ್ದು ಹರಿದು ನೇತಾಡುತ್ತಿತ್ತು, ಅದಕ್ಕೆ ಅಂಗೈಯಗಲ ಶೀಟು ಕಚ್ಚಿಕೊಂಡಿತ್ತು. ಮರದ ಕೆಳಗೆ ಮಜೀದ್ ನಿಂತಿದ್ದ. ಹದಿನಾಲ್ಕು ವರ್ಷದ ಹಿಂದೆ ಆ ಸೂರನ್ನು ಕಟ್ಟಿದವನು. ಇವರನ್ನು ನೋಡಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆ ಮರದ ಬುಡದಲ್ಲಿ ಅವರ ಮೊದಲ ಮಗುವಿತ್ತು. ಗಂಡು, ಒಂಬತ್ತು ದಿನ ಬದುಕಿತ್ತು, ಹೆಸರಿಟ್ಟಿರಲಿಲ್ಲ. ಅವರ ಮನೆಯಲ್ಲಿ ಎಳೆಗೂಸು ಹೋದರೆ ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಮೇಲೊಂದು ತೆಂಗಿನ ಸಸಿ ನೆಡುತ್ತಿದ್ದರು. ಮೀನಾಕ್ಷಮ್ಮ ಆ ಮರದ ಕಾಯನ್ನು ಅಡಿಗೆಗೆ ಎಂದೂ ಒಡೆದವರಲ್ಲ, ಅದು ಸಂಪಿಗೆ ಊರಿನ ಶ್ರೀನಿವಾಸ ದೇವರಿಗೆ ಹೋಗುತ್ತಿತ್ತು. ಹೆರಿಗೆ ವಾರ್ಡಿಗೆ ಜಾಗ ಅಳೆದಾಗ ಮರ ಮೂಲೆಯೊಳಕ್ಕೆ ಬಂತು. ಒಂದು ವಾರ ಮೀನಾಕ್ಷಮ್ಮ ಸರಿಯಾಗಿ ಊಟ ಮಾಡಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ತೋಟಕ್ಕೆ ಹೋಗಿ, ಬುಡಕ್ಕೆ ಒಂದು ಚೊಂಬು ಹಾಲು ಹುಯ್ದು, ಮರ ಕಡಿಯುವ ಕರಿಯಪ್ಪನ ಕೊಡಲಿಗೆ ತಾನೇ ಕುಂಕುಮ ಹಚ್ಚಿ, “ಹಾಕಪ್ಪ ಏಟು. ಹುಟ್ಟೋ ಮಕ್ಳಿಗೆ ಜಾಗ ಆಗ್ಲಿ” ಎಂದರು. ಕಬ್ಬಿಣ ಇಳಿಸುತ್ತಿದ್ದ ಮಜೀದ್ ಅಲ್ಲೇ ಇದ್ದ. ಕರಿಯಪ್ಪ ಕೊಡಲಿ ಎತ್ತಿದಾಗ ಶ್ರೀರಂಗಯ್ಯನವರು ಬಂದರು. ಜೊತೆಯಲ್ಲಿ ಊರಿನ ಏಳೆಂಟು ಜನ ಇದ್ದರು. ಏಕೆ ಕೈಯೆತ್ತಿ ತಡೆದೆನೆಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾರೆ. ಹೆಂಡತಿಯ ಮೇಲಿನ ಕನಿಕರ ಎಂದು ಬಹಳ ವರ್ಷ ನಂಬಿದ್ದರು. ಆದರೆ ಆ ಗಳಿಗೆಯಲ್ಲಿ ಅವರು ಹೆಂಡತಿಯ ಕಡೆ ನೋಡಿರಲಿಲ್ಲ, ಏಳೆಂಟು ಜನರ ಕಡೆ ನೋಡಿದ್ದರು. ಮರವೂ ಉಳಿಯುತ್ತದೆ, ಕಟ್ಟಡವೂ ನಿಲ್ಲುತ್ತದೆ, ಅದಕ್ಕೇ ಇಂಜಿನಿಯರ್ ಇರುವುದು ಎಂದರು. ಜನಕ್ಕೆ ಸಂತೋಷವಾಯಿತು. ಫಲ ಬಿಡುವ ಮರಕ್ಕೆ ಕೊಡಲಿ ಹಾಕುವುದನ್ನು ನೋಡಲು ಆ ಕಡೆ ಯಾರಿಗೂ ಮನಸ್ಸಿರುವುದಿಲ್ಲ. ಮನೆಗೆ ಬಂದಮೇಲೆ ಮೀನಾಕ್ಷಮ್ಮ, “ಬ್ಯಾಡಾಗಿತ್ತು. ನಾನು ಬುಟ್ಟುಕೊಟ್ಟಾಗಿತ್ತು” ಎಂದು ಒಂದು ಮಾತು ಹೇಳಿ ಒಳಗೆ ಹೋದರು.

ಕಾಗದದ ಮೇಲೆ ಮಾತ್ರ ಅವರು ಮರವನ್ನು ಉಳಿಸಲಿಲ್ಲ. ಸೂರಿನಲ್ಲಿ ತೂತಿರುವ ನಕ್ಷೆಗೆ ಮೇಲಿನವರು ಒಪ್ಪುತ್ತಿರಲಿಲ್ಲ. ಮರದ ಗುರುತಿಗೆ ಅಡ್ಡಗೀಟು ಹಾಕಿ, ತೆರವುಗೊಳಿಸಲಾಗಿದೆ ಎಂದು ತನ್ನ ಸಣ್ಣ ಅಕ್ಷರದಲ್ಲಿ ಬರೆದು ಸಹಿ ಮಾಡಿದರು. ಜಾಗದಲ್ಲಿ ನಿಂತು ಮಜೀದನಿಗೆ ಬಾಯಿಮಾತಿನಲ್ಲಿ ಹೇಳಿದರು, ಮರದ ಸುತ್ತ ಶೀಟು ಕುಯ್ಯಿ, ಅಡ್ಡ ಬರುವ ಕಬ್ಬಿಣ ತುಂಡರಿಸು, ಮಳೆ ಸೋರದಂತೆ ಟ್ಯೂಬು ಸುತ್ತಿ ಶೀಟಿಗೆ ಬಿಗಿ. ಮಜೀದ್ ಕತ್ತು ಕೆರೆದುಕೊಂಡು ಮರದ ತುದಿ ನೋಡಿದ. ಸಾರ್, ಇದು ಅಲ್ಲಾಡ್ತದೆ, ಶೀಟಿಗೆ ಕಟ್ಟಬಾರ್ದು ಎಂದ. ತೆಂಗಿನ ಕಾಂಡ ದಪ್ಪವಾಗುವುದಿಲ್ಲ ಕಣಯ್ಯ, ನೂರು ವರ್ಷ ಹೋದರೂ ತೂತು ಅಷ್ಟೇ ಇರುತ್ತದೆ, ಅದನ್ನೆಲ್ಲ ಯೋಚಿಸಿದ್ದೇನೆ ಎಂದರು ಇವರು. “ದಪ್ಪ ಆಗಲ್ಲ ಸಾರ್. ಉದ್ದ ಆಗ್ತದೆ” ಎಂದ ಮಜೀದ್. ಅದು ನಿಜವಾಗಿತ್ತು. ಮೂವತ್ತು ಅಡಿಯ ಮರ ನಲವತ್ತೈದು ಅಡಿಯಾದರೆ ತಲೆಯ ಗರಿಗಳು ಹಿಡಿಯುವ ಗಾಳಿಯೇ ಬೇರೆ, ಕಾಂಡ ತೊನೆಯುವ ಅಳತೆಯೇ ಬೇರೆ. ಅದು ಅವರಿಗೆ ಹೊಳೆದಿರಲಿಲ್ಲ. ಹೊಳೆಯದೇ ಇದ್ದದ್ದನ್ನು ಗಾರೆಯವರ ಎದುರಿಗೆ ಕಬ್ಬಿಣ ಕುಯ್ಯುವವನ ಬಾಯಲ್ಲಿ ಕೇಳಿದಾಗ ಅವರ ಕಿವಿ ಬಿಸಿಯಾಯಿತು. “ಲೋ ಕರಿಯಪ್ಪ, ಬರೋ ತಿಂಗಳಿಂದ ಮಜೀದ್ ಸಾಹೇಬ್ರು ನನ್ ಕುರ್ಚೀಲಿ ಕೂರ್ತಾರಂತೆ. ಎದ್ದು ನಿಂತ್ಕೊಂಡು ಕೈ ಮುಗೀಬೇಕು ಕಣ್ಲಾ” ಎಂದರು. ಎಲ್ಲರೂ ನಕ್ಕರು. ಮಜೀದನೂ ನಕ್ಕು ಶೀಟಿನ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಗುರುತು ಎಳೆದ. ಆಮೇಲೆ ಆರು ವರ್ಷಕ್ಕೆ ಇವರು ನಿವೃತ್ತರಾದರು. ಅಷ್ಟರಲ್ಲಿ ಬೇರೆ ಊರಿನವರೂ ಬಂದು ಮರವಿರುವ ವಾರ್ಡನ್ನು ನೋಡಿ ಹೋಗಿದ್ದರು. ಪುಷ್ಪಳನ್ನು ಅಲ್ಲಿಗೇ ವರ್ಗ ಮಾಡಿಸಿಕೊಂಡವರೂ ಇವರೇ, ಮನೆಗೆ ಹತ್ತಿರ ಎಂದು.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದರು. ಪುಷ್ಪ ಮದುವೆ ಬೇಡವೆಂದು ಉಳಿದವಳಾದ್ದರಿಂದ ಎಲ್ಲವನ್ನೂ ತಂದೆಯೇ ಮಾಡಬೇಕಾಯಿತು. ದಾಸಯ್ಯ ಶಂಖ ಊದಿ ಗೋವಿಂದನ ಹೆಸರು ಹೇಳಿಸಿದಾಗ ಹಲ್ಲಿಲ್ಲದ ಬಾಯಲ್ಲಿ ಅದು ಗಾಳಿಯಾಗಿ ಹೊರಟಿತು. ದಾಸಯ್ಯ ಇನ್ನೊಂದು ಸಲ ಹೇಳಿ ಎಂದ. ಇನ್ನೊಂದು ಸಲವೂ ಹಾಗೇ ಆಯಿತು. ಹಿಂದೆ ಯಾರೋ ಕೆಮ್ಮಿದರು. ಮನೆಗೆ ಬಂದವರೆಲ್ಲ ಅಣ್ಣಯ್ಯ ಹೇಳಿದ ಕಥೆಯನ್ನು ಕೇಳಿಕೊಂಡೇ ಬರುತ್ತಿದ್ದರು. ಮಗಳು ಹೋದಳು ಎಂದರೆ ಸಾಹೇಬರು ಹ್ಞೂಂ ಅಂದರಂತೆ, ಎರಡು ಸಲ ಅಂದರಂತೆ, ಎಂಥ ಗುಂಡಿಗೆ ಎಂದು. ಮೆಚ್ಚಿಕೊಂಡು ಹೇಳುತ್ತಿದ್ದಾರೋ ಹೀಯಾಳಿಸಿಯೋ ತಿಳಿಯುತ್ತಿರಲಿಲ್ಲ. ಎದುರುಮನೆಯ ಗುರುಸಿದ್ದಮ್ಮ ಮೀನಾಕ್ಷಮ್ಮನ ಕೈ ಹಿಡಿದುಕೊಂಡು, ಕೊಟ್ಟು ಕಳಿಸಿದ್ದರೆ ಎಲ್ಲೋ ಒಂದು ಕಡೆ ಬದುಕಿರುತ್ತಿದ್ದಳು ಎಂದು ಮೂರು ದಿನವೂ ಅಂದರು. ಒಂಬತ್ತನೆಯ ದಿನ ಹಲ್ಲಿನ ಡಾಕ್ಟರು ಫೋನು ಮಾಡಿ ಸೆಟ್ಟು ಸಿದ್ಧವಾಗಿದೆ ಎಂದರು. ಸೂತಕದ ಮನೆಯಿಂದ ಶ್ರೀರಂಗಯ್ಯನವರು ಬಸ್ಸು ಹತ್ತಿ ತಿಪಟೂರಿಗೆ ಹೋದರು. ತಿಥಿಯ ದಿನ ದೇವರ ಹೆಸರಾದರೂ ಬಾಯಲ್ಲಿ ಸರಿಯಾಗಿ ಬರಲಿ ಎಂದು ತನಗೆ ತಾನೇ ಹೇಳಿಕೊಂಡರು. ಸಂಜೆ ತುಂಬಿದ ಕೆನ್ನೆಯಲ್ಲಿ ಬಂದು ಇಳಿದಾಗ ಗುರುಸಿದ್ದಮ್ಮ ಜಗುಲಿಯಲ್ಲಿ ಕೂತು, ಒಳಗಿದ್ದವರಿಗೆ ಕೇಳುವಂತೆ, “ನೋಡ್ಬನ್ರೇ, ಮಗಳ ತಿಥಿಗೆ ಹಲ್ಲು ಕಟ್ಟಿಸ್ಕೊಂಡು ಬಂದವ್ರೆ” ಎಂದರು.

ಮಜೀದ್ ದಿನವೂ ಬರುತ್ತಿದ್ದ. ಬಂದು ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು, ಯಾರಾದರೂ ನೀರು ಕೊಟ್ಟರೆ ಕುಡಿದು, ಹೋಗುತ್ತಿದ್ದ. ಅವನು ಒಳಗೆ ಬಂದು ಏನಾದರೂ ಹೇಳಬಾರದೇ ಎಂದು ಶ್ರೀರಂಗಯ್ಯನವರು ಕಾಯುತ್ತಿದ್ದರು. ನಾನು ಅವತ್ತೇ ಹೇಳಿದ್ದೆ ಸಾರ್ ಎಂದು ಅಂದಿದ್ದರೆ ಅವರಿಗೆ ಅವನ ಮೇಲೆ ಸಿಟ್ಟು ಮಾಡಲು ಒಂದು ದಾರಿಯಾಗುತ್ತಿತ್ತು. ಅವನು ಹೇಳಲಿಲ್ಲ. ನಾಲ್ಕನೆಯ ದಿನ ಜಗುಲಿಯಲ್ಲಿ ಹತ್ತು ಜನ ಕೂತು ಗಾಳಿಯ ಮಾತಾಡುತ್ತಿದ್ದಾಗ, ಒಬ್ಬರು, ನಿಮ್ಮ ಕೈಯ ಕಟ್ಟಡ ಹೀಗಾಗುವಂಥದ್ದಲ್ಲ, ಕಟ್ಟಿದವನು ಏನೋ ಮಾಡಿರಬೇಕು ಎಂದರು. ಮೆಟ್ಟಿಲಿನಿಂದ ಎದ್ದು ಹೋದ ಮಜೀದನ ಬೆನ್ನು ಇನ್ನೂ ಬೀದಿಯಲ್ಲಿ ಕಾಣುತ್ತಿತ್ತು. ಶ್ರೀರಂಗಯ್ಯನವರು, ಬೋಲ್ಟು ನೋಡಬೇಕು, ಎಂದರು. ಅಷ್ಟೇ. ಇಂಜಿನಿಯರ್ ಆದವನು ಎಂಥ ಸಂದರ್ಭದಲ್ಲೂ ಹೇಳಬಹುದಾದ ಮಾತು, ಅದರಲ್ಲಿ ಸುಳ್ಳಿರಲಿಲ್ಲ. ಎರಡು ದಿನದಲ್ಲಿ ಆ ಮಾತು ಪಕ್ಕದ ಮಾಯಸಂದ್ರಕ್ಕೆ ಹೋಗಿ, ಮಜೀದ್ ಕಮ್ಮಿ ಬೋಲ್ಟು ಹಾಕಿದ್ದಾನೆ ಎಂದಾಗಿ ವಾಪಸು ಬಂತು. ಶಾಲೆಯ ಗೇಟು ಕೆಲಸ ಅವನಿಂದ ಬಿಡಿಸಿದರಂತೆ. ಅವನ ಅಂಗಡಿಯ ಮುಂದೆ ಯಾರೋ ಕೂಗಾಡಿದರಂತೆ. ಕೇಳಿದಾಗ ಇವರ ಹೊಟ್ಟೆಯಲ್ಲಿ ಒಂದು ತಣ್ಣನೆಯ ನೆಮ್ಮದಿ ಇಳಿಯಿತು. ಅದು ಇಳಿದದ್ದನ್ನು ನೋಡಿ ಹೆದರಿಕೆಯಾಯಿತು. ಹೆದರಿಕೆಯಾದ ಮೇಲೂ ಅದು ಇತ್ತು. ಸಂಜೆ ದೇವರ ಮುಂದೆ ದೀಪ ಹಚ್ಚಿ ಕೂತು, ಸತ್ಯ ಹೇಳುವ ಶಕ್ತಿ ಕೊಡು ಎಂದು ಬೇಡಿದರು. ಬೇಡುವಾಗಲೇ, ಈಗ ಬೇಡ, ತಿಥಿ ಮುಗಿಯಲಿ, ಎಂದು ತನ್ನೊಳಗೇ ಯಾರೋ ಸೇರಿಸಿದರು.

ತಿಥಿ ಮುಗಿದ ಮಾರನೆಯ ದಿನ, ಹನ್ನೆರಡನೆಯ ದಿನ, ಇಲಾಖೆಯ ಇಂಜಿನಿಯರ್ ಸುಷ್ಮಿತಾ ಬಂದಳು. ಮೂವತ್ತು ದಾಟದ ಹುಡುಗಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪುಷ್ಪಳ ಫೋಟೋಕ್ಕೆ ಕೈಮುಗಿದು, ಶ್ರೀರಂಗಯ್ಯನವರ ಕಾಲು ಮುಟ್ಟಿದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಹಳೆಯ ನಕ್ಷೆಗಳನ್ನು ನೋಡಿ ಕಲಿತವಳಂತೆ. ಮಜೀದನನ್ನೂ ಬರಹೇಳಿದ್ದಳು, ಅವನು ಎಂದಿನಂತೆ ಮೆಟ್ಟಿಲ ಮೇಲೆ ಕೂತಿದ್ದ, ಒಳಗೆ ಕರೆದರೂ ಬರಲಿಲ್ಲ. ಅವಳು ಹಾಳೆಗಳನ್ನು ಹರಡಿ ಎರಡು ದಿನ ತಾನು ಅಳೆದದ್ದನ್ನು ಹೇಳಿದಳು. ಬೋಲ್ಟುಗಳನ್ನು ಒಂದೊಂದಾಗಿ ಎಣಿಸಿದ್ದೇನೆ ಸರ್, ಅಂಚಿನಲ್ಲಿ, ಮೂಲೆಯಲ್ಲಿ, ನೀವು ಬರೆದಷ್ಟು ಹತ್ತಿರ ಹತ್ತಿರ ಹಾಕಿದ್ದಾರೆ, ಒಂದೂ ಕಮ್ಮಿ ಇಲ್ಲ. ಬೋಲ್ಟಿನ ಮಾತು ಯಾರು ಎಬ್ಬಿಸಿದರೋ ಗೊತ್ತಿಲ್ಲ. ಹೋಗಿರುವುದು ಮರದ ಹತ್ತಿರ ಶುರುವಾಗಿ. ಮರ ತೊನೆದು ಶೀಟನ್ನು ಹರಿದಿದೆ, ಹರಿದ ಕಡೆ ಗಾಳಿ ಒಳಹೊಕ್ಕಿದೆ, ತುಂಡರಿಸಿದ ಕಬ್ಬಿಣ ಅಲ್ಲೇ ಕಳಚಿಕೊಂಡು ಕಿಟಕಿಯ ಮೇಲೆ ಬಿದ್ದಿದೆ. ಹೇಳುತ್ತ ಅವಳು ಧ್ವನಿ ತಗ್ಗಿಸಿದಳು. ಶ್ರೀರಂಗಯ್ಯನವರು ತಲೆಯಾಡಿಸುತ್ತಿದ್ದರು. ಹೊಸ ಹಲ್ಲು ದವಡೆಯನ್ನು ಒತ್ತುತ್ತಿತ್ತು. ಹುಡುಗಿಯ ಬುದ್ಧಿ ಚುರುಕಾಗಿದೆ, ನನ್ನ ಕೈಕೆಳಗೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸಿತು. ಮಗಳು ಸತ್ತ ಬಗೆಯನ್ನು ಕೇಳುತ್ತಾ ಹಾಗೆ ಅನ್ನಿಸಿದ್ದಕ್ಕೆ ನಾಚಿ ಹಾಳೆಗಳ ಕಡೆ ಬಗ್ಗಿದರು.

“ನಿಮ್ಮ ಡ್ರಾಯಿಂಗ್‌ನಲ್ಲಿ ಮರ ಇಲ್ಲ ಸರ್. ತೆರವು ಅಂತ ನೀವೇ ಬರೆದಿದೀರಿ. ಜಾಗದಲ್ಲಿ ಮರ ಉಳಿಸಿದ್ದು ಯಾರು?”

ಅವಳು ಮುಂದಿನದನ್ನೂ ಸರಳವಾಗಿ ಹೇಳಿದಳು. ಕಟ್ಟಿದವರು ತಾವಾಗಿ ಬದಲಾಯಿಸಿದ್ದರೆ ಕೇಸು ಅವರ ಮೇಲೆ ಹೋಗುತ್ತದೆ, ಸಾವು ಆಗಿರುವುದರಿಂದ ಪೊಲೀಸರೂ ಕಾಯುತ್ತಿದ್ದಾರೆ, ಮಜೀದ್ ಅವರನ್ನು ಕೇಳಿದರೆ ಸಾಹೇಬರನ್ನೇ ಕೇಳಿ ಎನ್ನುತ್ತಾರೆ, ಅದಕ್ಕೆ ಬಂದೆ. ಮೆಟ್ಟಿಲ ಮೇಲೆ ಮಜೀದನ ಬೆನ್ನು ಕಾಣುತ್ತಿತ್ತು. ಅದು ಅಲುಗಲಿಲ್ಲ. ಶ್ರೀರಂಗಯ್ಯನವರ ಬಾಯಲ್ಲಿ ಮಾತು ಸಿದ್ಧವಾಗಿತ್ತು. ನಾನು, ಎಂಬ ಒಂದೇ ಮಾತು. ಹನ್ನೊಂದು ದಿನ ಅದನ್ನೇ ಅಭ್ಯಾಸ ಮಾಡಿದ್ದರು. ಆಡಿಬಿಟ್ಟರೆ ಮಜೀದ್ ಎದ್ದು ಮನೆಗೆ ಹೋಗುತ್ತಾನೆ. ಈ ಹುಡುಗಿ ಹಾಳೆಗಳನ್ನು ಮಡಿಸಿಕೊಳ್ಳುತ್ತಾಳೆ, ಹೋಗುವಾಗ ಕಾಲು ಮುಟ್ಟುವುದಿಲ್ಲ. ಆಫೀಸಿನಲ್ಲಿ ಅವರ ನಕ್ಷೆಗಳನ್ನು ಕಪಾಟಿನಿಂದ ತೆಗೆಯುವಾಗ ಕಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕಲ್ಲಿನ ಮೇಲಿನ ಹೆಸರನ್ನು ಜನ ಬಂದು ಓದುತ್ತಾರೆ. ಮಗಳನ್ನು ಕಳೆದುಕೊಂಡವನೆಂದು ಇಷ್ಟು ದಿನ ಕೊಟ್ಟ ಮರ್ಯಾದೆಯನ್ನು ಒಂದೇ ಗಳಿಗೆಯಲ್ಲಿ ಹಿಂದಕ್ಕೆ ಕೇಳುತ್ತಾರೆ. ಮೀನಾಕ್ಷಮ್ಮ ಆಗ ಕಾಫಿಯ ತಟ್ಟೆ ಹಿಡಿದುಕೊಂಡು ಅಡಿಗೆಮನೆಯ ಬಾಗಿಲು ದಾಟಿ ಬರುತ್ತಿದ್ದರು. ಅವರ ಸೆರಗಿನ ತುದಿ ಒದ್ದೆಯಾಗಿತ್ತು. ಆ ಒದ್ದೆಯ ತುದಿಯನ್ನು ನೋಡುತ್ತಾ ಶ್ರೀರಂಗಯ್ಯನವರು, “ನಮ್ಮ ಮನೆಯವರು ಒಪ್ಪಲಿಲ್ಲಮ್ಮ” ಎಂದರು. ಹಲ್ಲು ಹೊಸದಾದ್ದರಿಂದ ಒಂದೊಂದು ಅಕ್ಷರವೂ ಬಹಳ ಸ್ಪಷ್ಟವಾಗಿ ಬಂತು.

ಬಂದಮೇಲೆ ಅಲ್ಲಿಗೆ ನಿಲ್ಲಲಿಲ್ಲ. ಆ ಬುಡದಲ್ಲಿ ನಮ್ಮ ಮೊದಲ ಕೂಸಿದೆ, ಒಂಬತ್ತು ದಿನದ್ದು, ಹೆತ್ತ ಹೊಟ್ಟೆ ನೋಡಿ, ಕಡಿಸುತ್ತೇನೆಂದರೆ ಅನ್ನ ಬಿಟ್ಟು ಕೂತಳು, ನಾನೇನು ಮಾಡಲಿ, ಎಂದು ಹೇಳುತ್ತಾ ಹೋದರು. ಅನ್ನ ಬಿಟ್ಟದ್ದು ನಿಜವಾಗಿತ್ತು. ಅಷ್ಟು ನಿಜ ಅದರಲ್ಲಿದ್ದದ್ದರಿಂದ ಅವರ ಧ್ವನಿ ನಡುಗಿತು, ಕಣ್ಣಿನಲ್ಲಿ ನೀರೂ ಬಂತು. ಮಗಳು ಸತ್ತಂದಿನಿಂದ ಬಾರದಿದ್ದ ನೀರು. ಸುಷ್ಮಿತಾ ಬರೆಯುವುದನ್ನು ನಿಲ್ಲಿಸಿದಳು. ಅವಳ ಕಣ್ಣೂ ತುಂಬಿತು. ಮೀನಾಕ್ಷಮ್ಮ ತಟ್ಟೆಯನ್ನು ಕೆಳಗಿಡದೆ ನಿಂತಿದ್ದರು. ಲೋಟಗಳು ಅಲುಗಲಿಲ್ಲ. ಈಗ ಹೇಳುತ್ತಾಳೆ, ಎಂದುಕೊಂಡರು ಶ್ರೀರಂಗಯ್ಯನವರು, ಹಾಲು ಹುಯ್ದದ್ದನ್ನು, ಕೊಡಲಿಗೆ ಕುಂಕುಮ ಹಚ್ಚಿದ್ದನ್ನು ಹೇಳುತ್ತಾಳೆ, ಹೇಳಲಿ, ಹೇಳಿಬಿಡಲಿ. ಸುಷ್ಮಿತಾ ತಿರುಗಿ, ತನಗಿಂತ ಸಣ್ಣವರಿಗೆ ಬುದ್ಧಿ ಹೇಳುವವಳಂತೆ ಮೆತ್ತಗೆ, “ಅಮ್ಮಾ, ನಿಮ್ ಸಂಕಟ ಅರ್ಥ ಆಗುತ್ತೆ. ಆದ್ರೆ ಅದು ಆಸ್ಪತ್ರೆ ಅಲ್ವಾ. ಸೂರಿನ ಮಧ್ಯ ಮರ ಬಿಡಿ ಅಂತ ಹಟ ಮಾಡಬಾರ್ದಿತ್ತು” ಎಂದಳು.

ಮೀನಾಕ್ಷಮ್ಮ ಗಂಡನ ಕಡೆ ನೋಡಲಿಲ್ಲ. ಮೆಟ್ಟಿಲ ಮೇಲಿದ್ದ ಮಜೀದ್ ಈಗ ತಿರುಗಿ ಕೂತಿದ್ದ, ಅವನನ್ನು ನೋಡಿದರು. ಆಮೇಲೆ, “ಹೌದು ಕಣವ್ವ. ನಾನೇ ಬ್ಯಾಡ ಅಂದೆ. ತಪ್ಪಾಯ್ತು” ಎಂದು ಕಾಫಿ ಮುಂದಿಟ್ಟರು.

ಸುಷ್ಮಿತಾ ಅದನ್ನು ಬರೆದುಕೊಂಡಳು. ಜಾಗ ದಾನ ಕೊಟ್ಟ ಕುಟುಂಬದವರ ಕೋರಿಕೆಯಂತೆ ಮರವನ್ನು ಉಳಿಸಲಾಯಿತು ಎಂದು ಓದಿ ಹೇಳಿ, ಹೀಗಿದ್ದರೆ ಯಾರ ಮೇಲೂ ಕೇಸು ನಿಲ್ಲುವುದಿಲ್ಲ ಸರ್, ನೀವು ನಿಶ್ಚಿಂತೆಯಿಂದಿರಿ ಎಂದಳು. ಹೊಸ ವಾರ್ಡಿಗೆ ತಾರಸಿಯನ್ನೇ ಹಾಕುತ್ತೇವೆ, ಗಾಳಿಯ ಲೆಕ್ಕ ಮಾಡಿದಮೇಲೆ ಒಂದು ಸಲ ನಿಮಗೆ ತೋರಿಸುತ್ತೇನೆ, ಮರವನ್ನು ಈ ವಾರ ತೆಗೆಸುತ್ತೇವೆ, ಅಮ್ಮನ ಒಪ್ಪಿಗೆಗೆ ಇಲ್ಲಿ ಒಂದು ಸಹಿ ಬೇಕು. ಮೀನಾಕ್ಷಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹದಿನಾಲ್ಕು ವರ್ಷದ ಕೆಳಗೆ ಕೊಟ್ಟಿದ್ದ ಒಪ್ಪಿಗೆಯನ್ನು ಇನ್ನೊಂದು ಸಲ ಬರೆದುಕೊಟ್ಟರು. ಹುಡುಗಿ ಹೋಗುವಾಗ ಇಬ್ಬರ ಕಾಲನ್ನೂ ಮುಟ್ಟಿದಳು. ಮಜೀದ್ ಮೆಟ್ಟಿಲಿನಿಂದ ಎದ್ದ. ಶ್ರೀರಂಗಯ್ಯನವರು ಬಾಗಿಲ ತನಕ ಹೋಗಿ, ಏನಪ್ಪ ಮಜೀದ್, ಕಾಫಿ ಕುಡಿದು ಹೋಗು ಎಂದರು. ಅವನು ಅವರ ಹೆಗಲಿನ ಮೇಲಿಂದ ಒಳಗೆ ನೋಡಿ, “ಬತ್ತೀನಮ್ಮ” ಎಂದು ಮೀನಾಕ್ಷಮ್ಮನಿಗೆ ಹೇಳಿ ಹೊರಟುಹೋದ. ಮಾರನೆಯ ದಿನದಿಂದ ಅವನು ಬರುವುದಿಲ್ಲವೆಂದು ಅವರಿಗೆ ಗೊತ್ತಾಯಿತು.

ಮನೆಯಲ್ಲಿ ಇಬ್ಬರೇ ಉಳಿದರು. ಮೀನಾಕ್ಷಮ್ಮ ಲೋಟ ತೊಳೆದರು, ಅಕ್ಕಿ ಆರಿಸಲು ಮೊರ ತೆಗೆದುಕೊಂಡು ಕೂತರು. ಶ್ರೀರಂಗಯ್ಯನವರು ಎದುರಿಗೆ ಗೋಡೆಗೆ ಒರಗಿ ಕೂತು ಕಾದರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದರು. ಮೊರವನ್ನು ಎತ್ತಿ ಹೊಡೆದಿದ್ದರೆ ಬಹುಶಃ ಅಪ್ಪಿಕೊಳ್ಳುತ್ತಿದ್ದರು. ಕೊನೆಗೆ ತಡೆಯಲಾರದೆ, ಯಾಕೆ ಹಾಗೆ ಹೇಳಿದೆ ಎಂದು ತಾವೇ ಕೇಳಿದರು. ಮೀನಾಕ್ಷಮ್ಮ ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟರು. ಆಮೇಲೆ ಬೇರೆ ಯಾವುದೋ ವಿಷಯ ಹೇಳುವಂತೆ ಹೇಳಿದರು. ಹೋದ ವರ್ಷದ ಗಾಳಿಯಲ್ಲಿ ಮರದ ಹತ್ತಿರ ಶೀಟು ಕಿರ್ ಅನ್ನುತ್ತಿತ್ತಂತೆ. ಪುಷ್ಪ ಬಂದು ಹೇಳಿದ್ದಳಂತೆ, ಒಂದು ಸಲವಲ್ಲ, ಮೂರು ಸಲ. ಅಪ್ಪನಿಗೆ ಹೇಳೇ, ನೋಡಿ ಸರಿಮಾಡಿಸುತ್ತಾರೆ ಎಂದು ತಾನು ಅಂದೆನೆಂದರು.

“ಏನಂದ್ಲು ಗೊತ್ತಾ. ಬುಡಮ್ಮ, ಅಪ್ಪ ಕಟ್ಟಿರೋದು, ಅದು ಬೀಳಲ್ಲ. ಹೇಳಿದ್ರೆ ಅಪ್ಪಂಗೆ ಬೇಜಾರಾಗ್ತದೆ ಅಂದ್ಲು.”

ಅಷ್ಟು ಹೇಳಿ ಅಕ್ಕಿಯನ್ನು ಕೇರಿದರು. ಹೊಟ್ಟು ಹಾರಿ ಶ್ರೀರಂಗಯ್ಯನವರ ಪಂಚೆಯ ಮೇಲೆ ಬಿತ್ತು. ಅವರಿಗೆ ಎದ್ದು ಮಜೀದನ ಹಿಂದೆ ಓಡಬೇಕು, ಹುಡುಗಿಯ ಜೀಪನ್ನು ನಿಲ್ಲಿಸಬೇಕು, ಆ ಸಾಲನ್ನು ಹೊಡೆದು ಹಾಕಿಸಬೇಕು ಅನ್ನಿಸಿತು. ಈಗಲೂ ಆಗುತ್ತದೆ, ಜೀಪು ಮಾಯಸಂದ್ರ ದಾಟಿರುವುದಿಲ್ಲ, ಫೋನು ಜೇಬಿನಲ್ಲೇ ಇದೆ. ಅವರು ಎದ್ದರು. ಎದ್ದವರು ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡರು, ಹಲ್ಲಿನ ಸೆಟ್ಟನ್ನು ತೆಗೆದು ನೀರಿನಲ್ಲಿಟ್ಟರು, ಹಣೆಗೆ ನಾಮ ಹಚ್ಚಿಕೊಂಡು ದೇವರ ಗೂಡಿನ ಮುಂದೆ ಕೂತರು. ಇನ್ನೂ ಹಗಲು. ದೀಪದ ಹೊತ್ತಲ್ಲ. ಅಡಿಗೆಮನೆಯಲ್ಲಿ ಅಕ್ಕಿ ತೊಳೆಯುವ ಸದ್ದು ಕೇಳುತ್ತಿತ್ತು. ಎಲ್ಲ ಶ್ಲೋಕಗಳೂ ಬಾಯಿಗೆ ಬರುತ್ತಿದ್ದವು, ಒಂದನ್ನೂ ಹೇಳಲು ಮನಸ್ಸಾಗಲಿಲ್ಲ. ಬೋಳು ವಸಡಿನಲ್ಲಿ, ತನಗೆ ಮಾತ್ರ ಕೇಳುವಂತೆ, ಬಂದ ಮಾತಿನಲ್ಲಿ ಹೇಳಿಕೊಂಡರು.

ಶ್ರೀನಿವಾಸ, ಪುಷ್ಪಲತಾ ಎಂಬ ಈ ಹೆಣ್ಣುಮಗು ನಿನ್ನ ಹತ್ತಿರ ಬಂದು ಇವತ್ತಿಗೆ ಹನ್ನೆರಡು ದಿನ. ಅವಳು ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ, ನೂರಾರು ಕೂಸುಗಳ ಮುಖವನ್ನು ಮೊದಲು ಒರೆಸಿದವಳು. ಅವಳ ಮೈಯ ನೋವನ್ನು ತೆಗೆ. ನಾನು ನನಗಾಗಿ ಏನೂ ಕೇಳುವುದಿಲ್ಲ. ಇಲ್ಲಿ ಇವತ್ತು ಆಡಿದ ಮಾತು ಅಲ್ಲಿಗೆ ಕೇಳಿಸದಿರಲಿ. ಅವಳು ಹೋಗುವಾಗ ತನ್ನ ತಂದೆ ಎಂಥವನೆಂದು ನಂಬಿಕೊಂಡು ಹೋದಳೋ ಹಾಗೇ ನಂಬಿಕೊಂಡಿರಲಿ, ಯಾವತ್ತೂ ಅವಳಿಗೆ ತಿಳಿಸಬೇಡ. ನಿನ್ನ ಪಾದದ ಹತ್ತಿರ ಅವಳಿಗೆ ಜಾಗ ಕೊಡು, ಶಾಂತಿ ಕೊಡು.